ಮೊದಲ ಸೆಮಿಸ್ಟರಿನ ವೇಳಾಪಟ್ಟಿಯೂ ಹಳ್ಳಿಯ ಬಸ್ಸೂ

ಮಾನ್ಯ ಸಂಪಾದಕರೇ,

ಪದವಿ ತರಗತಿಗಳ ಮೊದಲ ಸೆಮಿಸ್ಟರಿನಲ್ಲಿ ಹಾಜರಾತಿಯ ಕೊರತೆ ಕಂಡುಬಂದಾಗಲೆಲ್ಲ, ಅದಕ್ಕೆ ಇಂದಿನ ಹುಡುಗರ ಅನಾಸ್ಥೆಯೇ ಕಾರಣ, ಅವರ ಕೈಯಲ್ಲಿನ ಮೊಬೈಲೇ ಕಾರಣ ಎಂದು ತೀರ್ಪು ಕೊಟ್ಟುಬಿಡುವುದು ನಮ್ಮ ಸಭೆಗಳಲ್ಲಿಯೂ ಪತ್ರಿಕೆಗಳಲ್ಲಿಯೂ ರೂಢಿಯಾಗಿಬಿಟ್ಟಿದೆ. ಗ್ರಾಮಾಂತರದ ವಿದ್ಯಾರ್ಥಿಗಳ ಮಟ್ಟಿಗಾದರೂ ಈ ತೀರ್ಪು ಅನ್ಯಾಯವಾದುದೆಂದೂ, ದೋಷದ ಬಹುಭಾಗವು ಕಾಲೇಜು ತೆರೆಯುವ ಹೊತ್ತಿಗೆ ಸಿದ್ಧವಾಗದ, ಸಿದ್ಧವಾದರೂ ಬಸ್ಸಿನ ವೇಳೆಯನ್ನು ಗಣನೆಗೇ ತಂದುಕೊಳ್ಳದ ವೇಳಾಪಟ್ಟಿಯದೆಂದೂ ನಾನು ದೃಢವಾಗಿ ನಂಬಿರುವುದರಿಂದ, ತಮ್ಮ ಪತ್ರಿಕೆಯಲ್ಲಿ ಈ ಕೆಲವು ಮಾತುಗಳಿಗೆ ಎಡೆಗೊಡಬೇಕೆಂದು ಪ್ರಾರ್ಥಿಸುತ್ತೇನೆ.

ಜೈಮಿನಿ ಭಾರತದ ಕವಿ ಲಕ್ಷ್ಮೀಶನ ಊರೆಂದು ನಾಡಿಗೆಲ್ಲ ಹೆಸರಾದ ನಮ್ಮ ದೇವನೂರಿನಿಂದಲೂ, ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಇತರ ಗ್ರಾಮಗಳಿಂದಲೂ, ಪಿ.ಯು.ಸಿ. ಮುಗಿಸಿದ ಮಕ್ಕಳು ಪದವಿ ವ್ಯಾಸಂಗಕ್ಕಾಗಿ ತಾಲ್ಲೂಕು ಕೇಂದ್ರಕ್ಕೋ ಚಿಕ್ಕಮಗಳೂರಿಗೋ ದಿನಂಪ್ರತಿ ಹೋಗಿಬರುವರು. ಅವರ ಹಾದಿಯನ್ನು ಸುಗಮಗೊಳಿಸಲು ಸರ್ಕಾರ ಏನನ್ನೂ ಮಾಡಿಲ್ಲವೆಂದು ನಾನು ಹೇಳಲಾರೆ. ಮೊದಲು ಮೈಸೂರು ವಿಶ್ವವಿದ್ಯಾನಿಲಯದ ಆಶ್ರಯದಲ್ಲಿದ್ದ ನಮ್ಮ ಜಿಲ್ಲೆಯ ಕಾಲೇಜುಗಳಿಗಾಗಿ 1987ರಲ್ಲಿ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾನಿಲಯ ಸ್ಥಾಪಿತವಾಯಿತು. 2013ರಲ್ಲಿ ಕಡೂರಿನಿಂದ ಚಿಕ್ಕಮಗಳೂರಿಗೆ ರೈಲು ಬಂದಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯ ದೆಸೆಯಿಂದ ಸಾರಿಗೆ ಸಂಸ್ಥೆಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಚಿಂತೆ ತಪ್ಪಿತು. ಗಂಡುಮಕ್ಕಳಿಗೆ ರಿಯಾಯಿತಿಯ ಪಾಸು ಮೊದಲಿನಿಂದಲೂ ಉಂಟು. ಹೀಗೆ ದೂರದ ತಡೆ, ಹಣದ ತಡೆ ಒಂದೊಂದಾಗಿ ಸಡಿಲಗೊಂಡರೂ ವೇಳೆಯ ತಡೆ ಮಾತ್ರ ಹಾಗೆಯೇ ಉಳಿದಿದೆ. ಬೆಳಗಿನ ಒಂದು ಬಸ್ಸು ತಪ್ಪಿದರೆ ಮುಂದಿನದಕ್ಕಾಗಿ ಬಹಳ ಹೊತ್ತು ಕಾಯಬೇಕಾದ ಊರಿನ ವಿದ್ಯಾರ್ಥಿಗೂ, ಕಾಲೇಜಿನ ಗಂಟೆ ಕೇಳಿದ ಮೇಲೆ ಮನೆಯಿಂದ ಹೊರಟರೂ ಸಕಾಲಕ್ಕೆ ತಲಪುವ ಪೇಟೆಯ ವಿದ್ಯಾರ್ಥಿಗೂ ಒಂದೇ ವೇಳಾಪಟ್ಟಿ, ಒಂದೇ ಹಾಜರಿ ಪುಸ್ತಕ.

ಇದರ ಪರಿಣಾಮವೇನೆಂಬುದನ್ನು ಲೆಕ್ಕ ಹಾಕಿಯೇ ನೋಡಬಹುದು. ಪರೀಕ್ಷೆಗೆ ಕೂರಬೇಕಾದರೆ ಪ್ರತಿಯೊಂದು ವಿಷಯದಲ್ಲಿಯೂ ಶೇಕಡಾ 75ರಷ್ಟು ಹಾಜರಾತಿ ಇರತಕ್ಕದ್ದು ಎಂಬುದು ನಿಯಮ. ಸೆಮಿಸ್ಟರಿಗೆ 16 ವಾರಗಳ ಪಾಠವೆಂದು ಎಣಿಸಿದರೆ, ವಾರಕ್ಕೆ ಮೂರು ಪೀರಿಯಡ್ಡುಗಳ ವಿಷಯವೊಂದಕ್ಕೆ ಒಟ್ಟು 48 ಪೀರಿಯಡ್ಡುಗಳಾಗುತ್ತವೆ. ಅವುಗಳಲ್ಲಿ 36ಕ್ಕೆ ಹಾಜರಿರಬೇಕು. ಆ ಮೂರರಲ್ಲಿ ಕೇವಲ ಒಂದು, ವಾರಕ್ಕೊಂದು ಸಲ, ಬಸ್ಸು ಬರುವ ಮೊದಲೇ ಆರಂಭವಾಗುವ ಮೊದಲ ಪೀರಿಯಡ್ಡಿಗೋ, ಅದನ್ನು ಕೇಳುತ್ತ ಕುಳಿತರೆ ಊರಿನ ಕೊನೆಯ ಬಸ್ಸು ಹೊರಟುಹೋಗುವ ಕೊನೆಯ ಪೀರಿಯಡ್ಡಿಗೋ ಬಿದ್ದಿತೆನ್ನಿ: ಮಿಕ್ಕ ಯಾವ ತರಗತಿಯನ್ನೂ ತಪ್ಪಿಸದ ವಿದ್ಯಾರ್ಥಿಗೂ ದೊರೆಯುವುದು 32 ಮಾತ್ರ, ಅಂದರೆ ಶೇಕಡಾ 67ಕ್ಕೂ ಕಡಿಮೆ. ವಾರಕ್ಕೆ ನಾಲ್ಕು ಪೀರಿಯಡ್ಡುಗಳ ವಿಷಯವಾದರೆ 64ರಲ್ಲಿ 48 ಸಿಕ್ಕು ಸರಿಯಾಗಿ ಗಡಿಯ ಮೇಲೆ ಬಂದು ನಿಲ್ಲುವನು. ಆಮೇಲೆ ಒಂದು ದಿನದ ಜ್ವರ ಅವನನ್ನು ಪರೀಕ್ಷೆಯಿಂದ ಹೊರಗೆ ತಳ್ಳಲು ಸಾಕು. ಸೆಮಿಸ್ಟರಿನ ಕೊನೆಯಲ್ಲಿ ಹಾಜರಾತಿ ಕೊರತೆಯ ಪಟ್ಟಿಯಲ್ಲಿ ತನ್ನ ಹೆಸರನ್ನು ಕಾಣುವ ಈ ಬಾಲಕನ ಅನಾಸ್ಥೆ ಎಲ್ಲಿದೆಯೆಂದು ನಾನು ಕೇಳುತ್ತೇನೆ.

ವೇಳಾಪಟ್ಟಿಯಾದರೂ ಮೊದಲೇ ಕೈಗೆ ಬಂದಿದ್ದರೆ ಮನೆಯವರು ಏನಾದರೊಂದು ಏರ್ಪಾಡು ಮಾಡಿಯಾರು. ಆದರೆ ಅನೇಕ ಕಡೆಗಳಲ್ಲಿ ಪ್ರವೇಶಗಳು ನಡೆಯುತ್ತಿರುವಾಗಲೇ ತರಗತಿಗಳು ಆರಂಭವಾಗುತ್ತವೆ. ಸರ್ಕಾರಿ ಕಾಲೇಜುಗಳಲ್ಲಿ ಬೋಧನೆಯ ದೊಡ್ಡ ಹೊರೆಯನ್ನು ಹೊತ್ತಿರುವ ಅತಿಥಿ ಉಪನ್ಯಾಸಕರ ನೇಮಕ ತಡವಾಗಿ, ಅವರು ಬಂದ ಮೇಲೆ ಪಟ್ಟಿಯನ್ನು ಮತ್ತೆ ಬರೆಯಬೇಕಾಗುತ್ತದೆ. ಇದರ ಮೇಲೆ ಪಠ್ಯಕ್ರಮದ ಪರಿವರ್ತನೆ ಬೇರೆ: 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷಗಳ ಪದವಿಯೂ ಮುಕ್ತ ಐಚ್ಛಿಕವೇ ಮೊದಲಾದ ಹೊಸ ಪತ್ರಿಕೆಗಳೂ ಬಂದವು, 2024-25ರಿಂದ ಮೂರು ವರ್ಷಗಳ ಪದವಿಗೆ ಮರಳಿದ್ದಾಯಿತು, ನಡುವಣ ಕಾಲದಲ್ಲಿ ಒಂದೇ ಕಾಲೇಜಿನಲ್ಲಿ ಹಿರಿಯರಿಗೊಂದು ಕ್ರಮ, ಕಿರಿಯರಿಗೊಂದು ಕ್ರಮ. ಯಾವ ನೀತಿ ಮೇಲು ಎಂಬ ಚರ್ಚೆಗೆ ನಾನು ಇಳಿಯುವುದಿಲ್ಲ. ನೀತಿ ಬದಲಾದಾಗಲೆಲ್ಲ ಅದರ ಮೊದಲ ಪೆಟ್ಟು ಮೊದಲ ಸೆಮಿಸ್ಟರಿನವರ ವೇಳಾಪಟ್ಟಿಗೆ ಬೀಳುತ್ತದೆ ಎಂಬುದಷ್ಟೇ ನನ್ನ ಅಹವಾಲು.

ನಮ್ಮ ನೆರೆಮನೆಯ ಹುಡುಗಿಯೊಬ್ಬಳು ಬಿ.ಎಸ್‌ಸಿ.ಗೆ ಸೇರಿದ ವಾರದಲ್ಲಿ, ಕಾಲೇಜಿನ ಸೂಚನಾಫಲಕದಿಂದ ಮೊಬೈಲಿನಲ್ಲಿ ಹಿಡಿದು ತಂದ ವೇಳಾಪಟ್ಟಿಯನ್ನು ನನ್ನ ಮುಂದಿಟ್ಟು, “ತಾತ, ಈ ಒಂದೇ ಮನೆಯಲ್ಲಿ ಎರಡು ಸಬ್ಜೆಕ್ಟ್ ಬರೆದಿದ್ದಾರೆ, ನಾನು ಯಾವುದಕ್ಕೆ ಹೋಗಬೇಕು?” ಎಂದು ಕೇಳಿದಳು. ನೋಡಿದರೆ ಅದು ಪ್ರಯೋಗಾಲಯಕ್ಕಾಗಿ ಮಾಡಿದ ಎರಡು ಬ್ಯಾಚುಗಳ ವಿಭಜನೆ. ತಾನು ಯಾವ ಬ್ಯಾಚಿನವಳೆಂಬುದನ್ನು ಆಕೆಗೆ ಯಾರೂ ಹೇಳಿರಲಿಲ್ಲ. ಉಪನ್ಯಾಸಕರ ಹೆಸರುಗಳ ಮೊದಲಕ್ಷರಗಳು, ವಿಷಯಗಳ ಸಂಕೇತಾಕ್ಷರಗಳು, ಕೊಠಡಿಗಳ ಸಂಖ್ಯೆಗಳು ಇಷ್ಟೇ ಆ ಪಟ್ಟಿಯಲ್ಲಿದ್ದವು. ಆ ಸಂಖ್ಯೆಗಳಾದರೋ ಹಳೆಯ ಕಟ್ಟಡದಲ್ಲಿಯೂ ಒಂದರಿಂದ, ಹೊಸ ಕಟ್ಟಡದಲ್ಲಿಯೂ ಒಂದರಿಂದಲೇ ಆರಂಭವಾಗುವಂಥವು. ಪಿ.ಯು.ಸಿ. ಮುಗಿಯುವವರೆಗೆ ಹೆಚ್ಚಾಗಿ ಒಂದೇ ಕೊಠಡಿಯಲ್ಲಿ ಕುಳಿತು, ಅಧ್ಯಾಪಕರೇ ಬದಲಾಗಿ ಬರುವುದನ್ನು ಕಂಡಿದ್ದ ಮಕ್ಕಳಿಗೆ, ಭಾಷೆಯ ಪಾಠಕ್ಕೊಂದು ಸಭಾಂಗಣ, ಐಚ್ಛಿಕಕ್ಕೊಂದು ಕೊಠಡಿ, ಪ್ರಯೋಗಕ್ಕೊಂದು ಕಟ್ಟಡ ಎಂದು ಗಂಟೆಗೊಮ್ಮೆ ಅಲೆಯಬೇಕಾಗಿ ಬಂದಾಗ ದಾರಿ ತೋರುವವರಿಲ್ಲದಿದ್ದರೆ, ಬಾಗಿಲಲ್ಲಿ ತಡವಾಗಿ ನಿಂತು ಎಲ್ಲರ ದೃಷ್ಟಿಗೆ ಗುರಿಯಾಗುವುದಕ್ಕಿಂತ ಹೊರಗಿನ ಮರದಡಿಯಲ್ಲಿ ಕೂರುವುದೇ ಲೇಸೆಂದು ತೋರುವುದು ಸಹಜ. ಆ ಹುಡುಗಿ ಪಟ್ಟಿಯನ್ನು ನೋಟುಪುಸ್ತಕದಲ್ಲಿ ಬರೆದುಕೊಂಡು, ಪ್ರತಿ ದಿನದ ಮುಂದೆಯೂ ಹೋಗುವ ಬಸ್ಸು, ಬರುವ ಬಸ್ಸು ಎಂದು ಎರಡು ಮನೆಗಳನ್ನು ತಾನೇ ಎಳೆದುಕೊಂಡಳು. ಕಾಲೇಜು ಮಾಡಬೇಕಾಗಿದ್ದ ಯೋಜನೆಯನ್ನು ಹದಿನೆಂಟರ ಬಾಲೆ ಮಾಡಿದಳು.

ಇದಕ್ಕೆ ಪ್ರಾಂಶುಪಾಲರು ಕೊಡಬಹುದಾದ ಸಮಾಧಾನಗಳನ್ನು ನಾನು ಬಲ್ಲೆ. ಕೊಠಡಿಗಳು ಕಡಿಮೆ, ಪ್ರಯೋಗಾಲಯ ಒಂದೇ, ಹತ್ತು ದಿಕ್ಕುಗಳಿಂದ ಬರುವ ಮಕ್ಕಳೆಲ್ಲರ ಬಸ್ಸಿಗೂ ಹೊಂದುವ ವೇಳಾಪಟ್ಟಿಯನ್ನು ಬ್ರಹ್ಮನೂ ಬರೆಯಲಾರ ಎಂಬ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಹಾಸ್ಟೆಲಿಗೆ ಸೇರಬಾರದೇಕೆ ಎಂದು ಕೇಳುವವರೂ ಉಂಟು. ಆದರೆ ಸೀಟುಗಳು ಮಿತವಾದವು, ಆಯ್ಕೆಯ ಪಟ್ಟಿ ಹೊರಬೀಳುವುದು ಎಷ್ಟೋ ವೇಳೆ ಪಾಠಗಳು ಮೊದಲಾದ ಮೇಲೆ. ಎಲ್ಲರಿಗೂ ಹೊಂದುವಂತೆ ಮಾಡಲಾಗದೆಂಬುದು ಯಾರಿಗೂ ಹೊಂದದಂತೆ ಮಾಡುವುದಕ್ಕೆ ಸಮರ್ಥನೆಯಾಗಲಾರದು.

ನಾನು ಕೇಳುವುದು ಹೊಸ ಕಟ್ಟಡವನ್ನಲ್ಲ, ಹೊಸ ಅನುದಾನವನ್ನೂ ಅಲ್ಲ. ಪ್ರವೇಶದ ಅರ್ಜಿಯಲ್ಲಿಯೇ ವಿದ್ಯಾರ್ಥಿಯ ಊರು ಇರುವುದರಿಂದ, ಯಾವ ಮಾರ್ಗದಿಂದ ಎಷ್ಟು ಮಂದಿ ಬರುವರೆಂಬುದನ್ನು ಒಂದು ಮಧ್ಯಾಹ್ನದಲ್ಲಿ ತಿಳಿಯಬಹುದು. ಆ ಪಟ್ಟಿಯೊಡನೆ ಪ್ರಾಂಶುಪಾಲರು ವರ್ಷಾರಂಭಕ್ಕೆ ಮುನ್ನ ಸಾರಿಗೆ ಸಂಸ್ಥೆಯ ಡಿಪೋ ವ್ಯವಸ್ಥಾಪಕರನ್ನು ಕಂಡು, ಬಸ್ಸಿನ ವೇಳೆ ಕಾಲು ಗಂಟೆ ಹಿಂದೆಮುಂದೆ ಆದೀತೇ, ಇಲ್ಲವಾದರೆ ಮೊದಲ ಪೀರಿಯಡ್ಡೇ ಆಗಬೇಕೇ ಎಂದು ಇತ್ಯರ್ಥ ಮಾಡಿಕೊಳ್ಳಲಿ. ಅನಿವಾರ್ಯವಾದ ಕಡೆ ಮೊದಲ ಮತ್ತು ಕೊನೆಯ ಪೀರಿಯಡ್ಡುಗಳನ್ನು ಗ್ರಂಥಾಲಯಕ್ಕೋ ಕ್ರೀಡೆಗೋ ಬಿಡಲಿ. ಅದೂ ಆಗದಿದ್ದರೆ ಒಂದೇ ವಿಷಯ ಪ್ರತಿ ವಾರವೂ ಆ ವೇಳೆಗೆ ಸಿಕ್ಕಿಬೀಳದಂತೆ ಸರದಿ ಹಾಕಲಿ. ತರಗತಿ ಆರಂಭವಾಗುವುದಕ್ಕೆ ಒಂದು ವಾರ ಮೊದಲೇ ವೇಳಾಪಟ್ಟಿಯನ್ನು ಪ್ರಕಟಿಸಿ, ಸಂಕೇತಾಕ್ಷರಗಳ ವಿವರ, ಬ್ಯಾಚುಗಳ ಹೆಸರುಪಟ್ಟಿ, ಕೊಠಡಿಗಳ ನಕ್ಷೆ ಇವನ್ನು ಕನ್ನಡದಲ್ಲಿ ಒಂದೇ ಹಾಳೆಯಲ್ಲಿ ಅಚ್ಚುಮಾಡಿ ಪ್ರತಿಯೊಬ್ಬರ ಕೈಗೂ ಕೊಡಲಿ.

ಹೊಸ ವಿದ್ಯಾರ್ಥಿಗಳನ್ನು ಕಾಲೇಜಿನ ಜೀವನಕ್ಕೆ ಪರಿಚಯಿಸುವ ಕಾರ್ಯಕ್ರಮಕ್ಕಾಗಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ‘ದೀಕ್ಷಾರಂಭ’ವೆಂಬ ಮಾರ್ಗದರ್ಶಿಯನ್ನು 2019ರಲ್ಲಿಯೇ ಹೊರಡಿಸಿದೆ. ಆ ಕಾರ್ಯಕ್ರಮವನ್ನು ಒಂದು ಬೆಳಗಿನ ಭಾಷಣಕ್ಕೂ ಹಾರತುರಾಯಿಗೂ ಮುಗಿಸದೆ, ಹಿರಿಯ ವಿದ್ಯಾರ್ಥಿಗಳು ಕಿರಿಯರನ್ನು ಹತ್ತು ಹತ್ತು ಮಂದಿಯಂತೆ ಕರೆದೊಯ್ದು, ಪ್ರಯೋಗಾಲಯ, ಗ್ರಂಥಾಲಯ, ವಿದ್ಯಾರ್ಥಿವೇತನದ ಗುಮಾಸ್ತರ ಮೇಜು, ಹೆಣ್ಣುಮಕ್ಕಳ ವಿಶ್ರಾಂತಿ ಕೊಠಡಿ ಇವನ್ನೆಲ್ಲ ನಡೆದು ತೋರಿಸಿದರೆ, ಹಳ್ಳಿಯ ಮಗುವಿಗೆ ಅದಕ್ಕಿಂತ ದೊಡ್ಡ ಸ್ವಾಗತ ಬೇರಿಲ್ಲ.

ಕುವೆಂಪು ವಿಶ್ವವಿದ್ಯಾನಿಲಯದ ಅಧಿಕಾರಿಗಳಲ್ಲಿಯೂ, ನಮ್ಮ ಜಿಲ್ಲೆಯ ಪ್ರಾಂಶುಪಾಲರಲ್ಲಿಯೂ, ಸಾರಿಗೆ ಸಂಸ್ಥೆಯ ಅಧಿಕಾರಿಗಳಲ್ಲಿಯೂ ನನ್ನ ವಿನಂತಿ ಇಷ್ಟೇ: ಮುಂದಿನ ಪ್ರವೇಶಗಳಿಗೆ ಮೊದಲು ಮೂವರೂ ಒಂದು ದಿನ ಒಂದೆಡೆ ಕುಳಿತು ಈ ಕೆಲಸವನ್ನು ಮುಗಿಸಬೇಕು. ಅದಾಗುವವರೆಗೆ, ಬಸ್ಸಿನ ಕಾರಣದಿಂದ ಹಾಜರಾತಿ ತಪ್ಪಿದ ಮೊದಲ ಸೆಮಿಸ್ಟರಿನ ಯಾವ ವಿದ್ಯಾರ್ಥಿಯನ್ನೂ ವಿಚಾರಣೆಯಿಲ್ಲದೆ ಪರೀಕ್ಷೆಯಿಂದ ಹೊರಗಿಡಬಾರದು.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಅಧ್ಯಾಪಕ
ದೇವನೂರು, ಕಡೂರು ತಾಲ್ಲೂಕು