ಐದನೇ ಬೋಗಿ ಎಲ್ಲಿ ಹೋಗುತ್ತೆ?

ಫೈನಲ್ ಇಯರ್ ಪ್ರಾಜೆಕ್ಟಿಗೆ ಮಕ್ಕಳ ರೈಲು ಮಾಡ್ತೀವಿ ಅಂದ್ರೆ ನಗೋರೇ ಜಾಸ್ತಿ. ಜಾತ್ರೆಯಲ್ಲಿ ಓಡುತ್ತಲ್ಲ, ಹಳಿ ಇಲ್ಲದ್ದು, ಅದೇ. 200 ಲೀಟರಿನ ಡ್ರಮ್ ಕತ್ತರಿಸಿ, ಸೀಟು ಕೂರಿಸಿ, ಚಕ್ರ ಹಾಕಿದ್ರೆ ಆಯ್ತು, ಇದರಲ್ಲೇನು ಎಂಜಿನಿಯರಿಂಗ್ ಅಂತಾರೆ. ಕಿಟ್ ತರಿಸಿ ಗೆರೆ ಹಿಡಿದು ಓಡೋ ರೋಬೋ ಜೋಡಿಸೋದಕ್ಕಿಂತ ಇದರಲ್ಲೇ ಕಲಿಯೋದು ಜಾಸ್ತಿ ಅನ್ನೋದು ನಮ್ಮ ವಾದ.

ತಿರುವನ್ನೇ ನೋಡಿ. ಹಳಿ ಇದ್ದರೆ ಎಲ್ಲ ಬೋಗಿಗೂ ಒಂದೇ ದಾರಿ. ಇಲ್ಲಿ ಪ್ರತಿ ಬೋಗಿಯೂ ತನ್ನ ಮುಂದಿನದಕ್ಕಿಂತ ಒಳಕ್ಕೆ ಸರಿಯುತ್ತೆ. ಬೋಗಿಗೆ ಒಂದೇ ಆಕ್ಸಲ್, ಕೊಂಡಿ ಮುಂದಿನ ಆಕ್ಸಲ್ ಮೇಲೇ ಇದೆ, ಅಲ್ಲಿಂದ ಹಿಂದಿನ ಆಕ್ಸಲ್‌ಗೆ 1 ಮೀಟರ್ ಅಂತಿಟ್ಟುಕೊಳ್ಳಿ. ಎಂಜಿನ್ನಿನ ಹಿಂದಿನ ಆಕ್ಸಲ್ 3 ಮೀಟರ್ ತ್ರಿಜ್ಯದಲ್ಲಿ ಸುತ್ತುತ್ತಿದ್ದರೆ, ಒಂದೊಂದು ಬೋಗಿಗೂ ತ್ರಿಜ್ಯದ ವರ್ಗದಲ್ಲಿ 1 ಕಳೆಯಬೇಕು. ಹೈಸ್ಕೂಲಿನ ಪೈಥಾಗೊರಸ್, ಅಷ್ಟೇ. ಐದನೇ ಬೋಗಿಗೆ ಉಳಿಯೋದು 2 ಮೀಟರ್. ಡ್ರೈವರ್ ಆರಾಮಾಗಿ ದಾಟಿ ಹೋದ ಮೇಲೆ, ಒಳಬದಿಯಲ್ಲಿ ಟಾಟಾ ಮಾಡ್ತಾ ನಿಂತ ಮಗುವಿನ ಕಾಲ ಮೇಲೆ ಅದು ಹತ್ತುತ್ತೆ.

ಪರಿಹಾರಕ್ಕೆ ದೊಡ್ಡ ಖರ್ಚಿಲ್ಲ. ಕೊಂಡಿಯನ್ನು ಎರಡು ಆಕ್ಸಲ್‌ಗಳ ಸರಿ ನಡುವೆ ಇಡಿ. ಒಂದೇ ಸಮನೆ ಸುತ್ತುವಾಗ ಎಲ್ಲವೂ ಒಂದೇ ಜಾಡಿನಲ್ಲಿ ಬರುತ್ತವೆ. (ತಿರುವು ಶುರುವಾಗುವಾಗ ಬಾಲ ಸ್ವಲ್ಪ ಹೊರಕ್ಕೆ ಬೀಸುತ್ತೆ, ಅದಕ್ಕೂ ಜಾಗ ಬಿಡಿ.)

ಇನ್ನು ಬ್ರೇಕು. ಎಂಜಿನ್ನಿಗೆ ಮಾತ್ರ ಇದ್ದರೆ ಇಳಿಜಾರಿನಲ್ಲಿ ಮಕ್ಕಳ ತೂಕವೆಲ್ಲ ಹಿಂದಿನಿಂದ ದಬ್ಬಿ ಸಾಲೇ ಮಡಚಿಕೊಳ್ಳಬಹುದು. ಬೋಗಿಗಳಿಗೂ ಬ್ರೇಕ್ ಬೇಕು, ಕೊಂಡಿಗೆ ಜೊತೆಗೊಂದು ಸರಪಳಿ ಬೇಕು, ವೇಗ ನಡಿಗೆಯಷ್ಟೇ ಸಾಕು. ಬಣ್ಣ, ಸೀಟಿ, ಎಲ್ಇಡಿ ಎಲ್ಲ ಆಮೇಲೆ. ಗೈಡ್ ಹತ್ರ ಸಿನಾಪ್ಸಿಸ್ ಒಯ್ಯುವಾಗ ಮೊದಲ ಪುಟದಲ್ಲೇ ಐದನೇ ಬೋಗಿಯ ಜಾಡು ಬಿಡಿಸಿ ತೋರಿಸಿ.