ಹಳೆಯ ಜೀಪಿನ ಪೂರ್ವಾಪರ

ಕಳೆದ ಮಳೆಗಾಲ ಮುಗಿಯುತ್ತಿದ್ದಂತೆ, ತೀರ್ಥಹಳ್ಳಿ ತಾಲ್ಲೂಕಿನಲ್ಲಿ ತೋಟ ಮಾಡಿಕೊಂಡಿರುವ ನನ್ನ ತಮ್ಮನ ಮಗನಿಗೆ ಒಂದು ಹಳೆಯ ಜೀಪು ನೋಡಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ಸೇವೆಯುದ್ದಕ್ಕೂ ಸರ್ಕಾರಿ ಜೀಪಿನಲ್ಲಿ ಓಡಾಡಿದವನಿಗೆ ಜೀಪಿನ ಗುಣದೋಷ ತಿಳಿದೇ ಇರುತ್ತದೆ ಎಂಬುದು ಅವನ ನಂಬಿಕೆ. ಚಾಲಕನ ಪಕ್ಕದಲ್ಲಿ ಕೂತವನಿಗೆ ಎಷ್ಟು ತಿಳಿದಿರುತ್ತದೆ ಎಂಬುದು ನನಗೆ ಗೊತ್ತಿದ್ದರಿಂದ ಪರಿಚಯದ ಮೆಕ್ಯಾನಿಕ್ ಒಬ್ಬರನ್ನೂ ಜೊತೆಗೆ ಕರೆದೊಯ್ದೆ.

ಮೊದಲು ನೋಡಿದ್ದು 1998ರಲ್ಲಿ ನೋಂದಣಿಯಾದ ಫೋರ್‌ವೀಲ್ ಜೀಪು. ಕೇಳಿದ ಬೆಲೆ ಮೂರೂಕಾಲು ಲಕ್ಷ. ಹೊಸ ಬಣ್ಣ, ಹೊಸ ಹುಡ್, ನಾಲ್ಕಕ್ಕೂ ಬಟನ್ ಟೈರು. ಆರ್‌ಸಿ ನವೀಕರಣವಾಗಿತ್ತು, ವಿಮೆ, ಹೊಗೆ ತಪಾಸಣೆಯ ಪತ್ರ ಎಲ್ಲವೂ ಕ್ರಮವಾಗಿದ್ದವು. ಗೇರಿನ ಪಕ್ಕದ ಎರಡನೆಯ ಲಿವರ್ ಸಲೀಸಾಗಿ ಹಿಂದೆ ಮುಂದೆ ಆಡುತ್ತಿತ್ತು. ಮೆಕ್ಯಾನಿಕ್ ಗೋಣಿ ಹಾಸಿಕೊಂಡು ಕೆಳಗೆ ನುಸುಳಿ ಎರಡೇ ನಿಮಿಷದಲ್ಲಿ ಹೊರಬಂದರು. "ಮುಂದಿನ ಶಾಫ್ಟೇ ಇಲ್ಲ ಸಾರ್" ಎಂದರು. ಮುಂದಿನ ಚಕ್ರಗಳಿಗೆ ಎಂಜಿನ್ನಿನ ಶಕ್ತಿಯನ್ನು ಒಯ್ಯುವ ದಂಡವನ್ನೇ ಕಳಚಿ ತೆಗೆಯಲಾಗಿತ್ತು. ಮಾರುವವರಿಗೆ ಇದರಿಂದ ಮುಜುಗರವೇನೂ ಆಗಲಿಲ್ಲ. "ಮೈಲೇಜ್ ಬರ್ಲಿ ಅಂತ ತೆಗೆಸಿದ್ದು ಸಾರ್. ಬೇಕಾದ್ರೆ ಒಂದು ಹಾಕಿಸ್ಕೊಳ್ಳಿ, ಎಂತ ಮಹಾ" ಎಂದರು.

ಗಮನಿಸಬೇಕಾದ ಸಂಗತಿಯೆಂದರೆ, ಅವರು ತೋರಿಸಿದ ಕಾಗದಪತ್ರಗಳಲ್ಲಿ ಒಂದು ಸುಳ್ಳೂ ಇರಲಿಲ್ಲ. ಆ ಕಾಗದಗಳು ವಾಹನದ ಮಾಲೀಕ ಯಾರು, ತೆರಿಗೆ ಕಟ್ಟಿದೆಯೇ, ಸಾಲವಿದೆಯೇ ಎಂಬುದನ್ನು ಹೇಳುತ್ತವೆಯೇ ಹೊರತು ವಾಹನ ಹೇಗಿದೆ ಎಂಬುದನ್ನು ಹೇಳುವುದಿಲ್ಲ.

ಮಲೆನಾಡಿನಲ್ಲಿ ಹಳೆಯ ಜೀಪು ಶೋಕಿಯ ವಸ್ತುವಲ್ಲ. ಡಾಂಬರು ರಸ್ತೆಯಿಂದ ಮೂರು ನಾಲ್ಕು ಕಿಲೋಮೀಟರ್ ಒಳಗಿರುವ ಮನೆಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಡಿಕೆ ಔಷಧಿಯ ಡ್ರಮ್ಮು, ಶಾಲೆಯ ಮಕ್ಕಳು, ನಡುರಾತ್ರಿಯ ರೋಗಿ ಎಲ್ಲರಿಗೂ ಅದೊಂದೇ ದಾರಿ. ಹೊಸ ಫೋರ್‌ವೀಲ್ ವಾಹನದ ಬೆಲೆ ಹತ್ತು ಲಕ್ಷ ದಾಟುತ್ತದೆ. 1985ರಲ್ಲಿ ಬಂದ ಮಾರುತಿ ಜಿಪ್ಸಿಯ ತಯಾರಿಕೆ ನಿಂತು ವರ್ಷಗಳಾದವು. ಹೀಗಾಗಿ ಎರಡು ಎಕರೆ ತೋಟದವನಿಗೆ ಉಳಿಯುವುದು ಇಪ್ಪತ್ತು ಇಪ್ಪತ್ತೈದು ವರ್ಷದ ಜೀಪು. ಅವನ ಆಯ್ಕೆ ತಪ್ಪಿದರೆ ಒಂದು ವರ್ಷದ ಫಸಲಿನ ಹಣ ಗ್ಯಾರೇಜಿಗೆ ಹೋಗುತ್ತದೆ. ಘಾಟಿಯ ಇಳಿಜಾರಿನಲ್ಲಿ ಬ್ರೇಕು ಕೈಕೊಟ್ಟರೆ ಹೋಗುವುದು ಹಣವಷ್ಟೇ ಅಲ್ಲ.

ಅರ್ಥಶಾಸ್ತ್ರದ ಎಂ.ಎ. ತರಗತಿಯಲ್ಲಿ ಓದಿದ ಒಂದು ಪ್ರಬಂಧ ನನಗೆ ಆ ಗೋಣಿಯ ಪಕ್ಕ ನಿಂತಾಗ ನೆನಪಾಯಿತು. ಜಾರ್ಜ್ ಅಕರ್ಲಾಫ್ 1970ರಲ್ಲಿ ಪ್ರಕಟಿಸಿದ ಆ ಪ್ರಬಂಧದ ವಸ್ತುವೇ ಹಳೆಯ ಕಾರುಗಳ ಮಾರುಕಟ್ಟೆ. ಮಾರುವವನಿಗೆ ತಿಳಿದಿರುವುದು ಕೊಳ್ಳುವವನಿಗೆ ತಿಳಿಯದಿದ್ದಾಗ, ಕೊಳ್ಳುವವನು ಎಲ್ಲ ವಾಹನಗಳನ್ನೂ ಸಂಶಯದಿಂದ ನೋಡಿ ಸರಾಸರಿ ಬೆಲೆಯನ್ನಷ್ಟೇ ಕೊಡುತ್ತಾನೆ. ಆ ಬೆಲೆಗೆ ಒಳ್ಳೆಯ ವಾಹನ ಇಟ್ಟುಕೊಂಡವನು ಮಾರಲು ಒಪ್ಪುವುದಿಲ್ಲ. ಕಡೆಗೆ ಮಾರುಕಟ್ಟೆಯಲ್ಲಿ ಕಳಪೆಯದೇ ಉಳಿಯುತ್ತದೆ. ಅದಕ್ಕೂ ಮೊದಲು 1967-68ರಲ್ಲಿ ದೆಹಲಿಯ ಭಾರತೀಯ ಸಾಂಖ್ಯಿಕ ಸಂಸ್ಥೆಯಲ್ಲಿದ್ದ ಅಕರ್ಲಾಫ್, ನಮ್ಮ ಹಳ್ಳಿಯ ಲೇವಾದೇವಿಯನ್ನೂ ಅದೇ ಪ್ರಬಂಧದಲ್ಲಿ ಉದಾಹರಣೆಯಾಗಿ ಬಳಸಿಕೊಂಡಿದ್ದಾರೆ. 2001ರಲ್ಲಿ ಅವರಿಗೆ ಮೈಕೇಲ್ ಸ್ಪೆನ್ಸ್ ಮತ್ತು ಜೋಸೆಫ್ ಸ್ಟಿಗ್ಲಿಟ್ಜ್ ಅವರೊಂದಿಗೆ ನೊಬೆಲ್ ಬಂತು.

ಮಾಹಿತಿ ಮುಚ್ಚಿಡುವ ಈ ವ್ಯವಹಾರದಲ್ಲಿ ನನ್ನದೂ ಒಂದು ಪಾಲಿದೆ. ತೊಂಬತ್ತರ ದಶಕದಲ್ಲಿ ಉಪವಿಭಾಗದ ಅಧಿಕಾರಿಯಾಗಿದ್ದಾಗ ನಿರುಪಯುಕ್ತ ಜೀಪುಗಳ ಹರಾಜನ್ನು ನಾನು ನಡೆಸಿದ್ದೇನೆ. ಸರ್ಕಾರಿ ಜೀಪಿಗೆ ಲಾಗ್‌ಬುಕ್ ಇರುತ್ತದೆ. ದಿನದ ಕಿಲೋಮೀಟರ್, ಹಾಕಿದ ಡೀಸೆಲ್, ಮಾಡಿಸಿದ ರಿಪೇರಿ ಎಲ್ಲವೂ ಅದರಲ್ಲಿರುತ್ತವೆ. ಹರಾಜಿನ ಪ್ರಕಟಣೆಯಲ್ಲಿ ಮಾತ್ರ 'ಇದ್ದಲ್ಲಿ, ಇದ್ದ ಸ್ಥಿತಿಯಲ್ಲಿ' ಎಂದು ಬರೆದು ಕೈತೊಳೆದುಕೊಳ್ಳುತ್ತಿದ್ದೆವು. ಒಮ್ಮೆ ವಯಸ್ಸಾದ ರೈತರೊಬ್ಬರು ಲಾಗ್‌ಬುಕ್ ನೋಡಬಹುದೇ ಎಂದು ಕೇಳಿದರು. ಅದು ಕಚೇರಿಯ ದಾಖಲೆ, ತೋರಿಸಲು ಬರುವುದಿಲ್ಲ ಎಂದೆ. ಆಗ ಮಾಹಿತಿ ಹಕ್ಕು ಕಾಯ್ದೆ ಇರಲಿಲ್ಲ. ತೋರಿಸಬಾರದೆಂಬ ನಿಯಮವಿದೆಯೇ ಎಂದು ನಾನು ಹುಡುಕಿಯೂ ನೋಡಲಿಲ್ಲ. ಆ ಜೀಪಿನ ಗೇರ್‌ಬಾಕ್ಸನ್ನು ಒಂದೇ ವರ್ಷದಲ್ಲಿ ಎರಡು ಬಾರಿ ಬಿಚ್ಚಿದ್ದರು. ಬಿಲ್ಲುಗಳನ್ನು ಮಂಜೂರು ಮಾಡಿದವನು ನಾನೇ. ಅವರು ಅದನ್ನೇ ಕೊಂಡರು. 15 ವರ್ಷ ಮೀರಿದ ಸರ್ಕಾರಿ ವಾಹನಗಳ ನೋಂದಣಿ 2023ರ ಏಪ್ರಿಲ್ 1ರಿಂದ ಮುಂದುವರಿಯುವುದಿಲ್ಲವಾದ್ದರಿಂದ ಅಂಥವು ಈಗ ಗುಜರಿ ಕೇಂದ್ರಕ್ಕೆ ಹೋಗುತ್ತವೆ. ಖಾಸಗಿ ಜೀಪುಗಳ ಕೈಬದಲು ಮಾತ್ರ ಹಿಂದಿನಂತೆಯೇ ನಡೆದಿದೆ.

ಹಾಗಾದರೆ ಕೊಳ್ಳುವವನು ಮಾಡಬೇಕಾದ್ದೇನು? ನಮ್ಮ ಮೆಕ್ಯಾನಿಕ್ ನಾಲ್ಕು ಜೀಪುಗಳನ್ನು ಪರೀಕ್ಷಿಸಿದ ಕ್ರಮವೇ ನನಗೆ ಪಾಠವಾಯಿತು. ನಾವು ಬರುವವರೆಗೆ ಎಂಜಿನ್ ಚಾಲು ಮಾಡಬೇಡಿ ಎಂದು ಅವರು ಮೊದಲೇ ಹೇಳಿಸುತ್ತಿದ್ದರು. ಬಂದೊಡನೆ ಬಾನೆಟ್ ಮುಟ್ಟಿ ನೋಡುತ್ತಿದ್ದರು. ಬಿಸಿ ಎಂಜಿನ್ ಎಂಥದ್ದಾದರೂ ಸುಲಭವಾಗಿ ಚಾಲು ಆಗುತ್ತದೆ; ದೋಷ ಕಾಣುವುದು ತಣ್ಣಗಿದ್ದಾಗ. ಓಡುತ್ತಿರುವ ಎಂಜಿನ್ನಿನ ಆಯಿಲ್ ಮುಚ್ಚಳ ತೆಗೆದಾಗ ಹೊಗೆ ಬುಸುಬುಸು ಎಂದು ಎದ್ದರೆ ರಿಂಗು, ಲೈನರ್ ಸವೆದಿವೆ, ಎಂಜಿನ್ ಬೋರ್‌ಗೆ ಬಂದಿದೆ ಎಂದರ್ಥ. ಮುಚ್ಚಳದ ಒಳಗೆ ಕೆನೆಯಂಥ ಬಿಳಿ ಅಂಟಿದ್ದರೆ ಆಯಿಲಿಗೆ ನೀರು ಸೇರಿದೆಯೇ ಎಂದು ಸಂಶಯಪಡಬೇಕು. ಡಿಫರೆನ್ಷಿಯಲ್ ಆಯಿಲಿಗೂ ಈ ಮಾತು ಅನ್ವಯಿಸುತ್ತದೆ: ಹಳ್ಳ ದಾಟಿದ ಜೀಪಿನ ಆಯಿಲ್ ಬದಲಿಸದೆ ಓಡಿಸಿದ್ದರೆ ಅದು ಹಾಲು ಬೆರೆಸಿದಂತೆ ಕಾಣುತ್ತದೆ, ಒಳಗಿನ ಬೇರಿಂಗು ತುಕ್ಕು ಹಿಡಿದಿರುತ್ತದೆ.

ಎಂಜಿನ್ ಕೆಟ್ಟರೆ ಬದಲಿಸಬಹುದು, ಚಾಸಿ ಕೊಳೆತರೆ ಜೀಪೇ ಇಲ್ಲ. ಇದು ಅವರ ಮಾತು, ನಾನು ಒಪ್ಪುವ ಮಾತು. ಮಲೆನಾಡಿನ ಕೆಸರು ಮತ್ತು ಕರಾವಳಿಯ ಉಪ್ಪುಗಾಳಿ ಎರಡೂ ಚಾಸಿಯನ್ನು ತಿನ್ನುತ್ತವೆ. ಲೀಫ್ ಸ್ಪ್ರಿಂಗ್ ಸೇರುವ ಜಾಗಗಳಲ್ಲಿ ಮತ್ತು ಸ್ಟೀರಿಂಗ್ ಬಾಕ್ಸ್ ಕೂತಿರುವಲ್ಲಿ ಸಣ್ಣ ಸುತ್ತಿಗೆಯಿಂದ ತಟ್ಟಬೇಕು. ಗಟ್ಟಿ ಕಬ್ಬಿಣ ಕಣಕಣಿಸುತ್ತದೆ, ಕೊಳೆತದ್ದು ಮಂದವಾಗಿ ಸದ್ದು ಕೊಡುತ್ತದೆ. ಮಾರಾಟಕ್ಕೆ ಮುನ್ನ ಅಡಿಗೆ ದಪ್ಪನೆಯ ಕಪ್ಪು ಬಣ್ಣ ಬಳಿದಿದ್ದರೆ ಅಲ್ಲಿ ಇನ್ನಷ್ಟು ಹೊತ್ತು ನಿಲ್ಲಬೇಕು. ಮುಂದಿನ ಚಕ್ರ ಎತ್ತಿ, ಮೇಲೂ ಕೆಳಗೂ ಹಿಡಿದು ಅಲುಗಾಡಿಸಿದರೆ ಕಿಂಗ್‌ಪಿನ್ ಮತ್ತು ಚಕ್ರದ ಬೇರಿಂಗಿನ ಆಟ ತಿಳಿಯುತ್ತದೆ. ಎಡಬಲ ಹಿಡಿದು ಅಲುಗಾಡಿಸಿದರೆ ಸ್ಟೀರಿಂಗ್ ಜೋಡಣೆಗಳದ್ದು.

ಫೋರ್‌ವೀಲ್ ಪರೀಕ್ಷೆಯನ್ನು ಡಾಂಬರಿನ ಮೇಲೆ ಮಾಡಬಾರದು. ಇಂಥ ಹಳೆಯ ಜೀಪುಗಳಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳ ವೇಗದ ವ್ಯತ್ಯಾಸವನ್ನು ಸರಿದೂಗಿಸುವ ವ್ಯವಸ್ಥೆ ಇಲ್ಲದ್ದರಿಂದ ಗಟ್ಟಿ ನೆಲದಲ್ಲಿ ಗೇರುಗಳು ಬಿಗಿದುಕೊಳ್ಳುತ್ತವೆ. ಒದ್ದೆ ಮಣ್ಣಿನ ಏರಿಗೆ ಒಯ್ದು, ಲೋ ಗೇರಿಗೆ ಹಾಕಿ ಹತ್ತಿಸಿ, ಇಳಿಯುವಾಗ ಆಕ್ಸಿಲರೇಟರ್ ಬಿಡಬೇಕು. ಲಿವರ್ ತಾನಾಗಿ ಹೊರಗೆ ನೆಗೆದರೆ ಒಳಗಿನ ಹಲ್ಲುಗಳು ಸವೆದಿವೆ. ಮೀಟರಿನ ಅಂಕಿಯನ್ನು ನಂಬುವ ಅಗತ್ಯವೇ ಇಲ್ಲ. ಐದಂಕಿಯ ಮೀಟರು 99,999 ದಾಟಿದರೆ ಸೊನ್ನೆಗೆ ಮರಳುತ್ತದೆ. ಪೆಡಲಿನ ರಬ್ಬರು ಮರಳಿ ಬೆಳೆಯುವುದಿಲ್ಲ.

ಕಾಗದದ ವಿಷಯದಲ್ಲಿ ಹೆಚ್ಚು ಹೇಳಬೇಕಿಲ್ಲ. ಚಾಸಿಯ ಮೇಲಿನ ಸಂಖ್ಯೆಯನ್ನು ಕಣ್ಣಾರೆ ಓದಿ ಆರ್‌ಸಿಯೊಂದಿಗೆ ಹೋಲಿಸಬೇಕು. ಎಂಜಿನ್ ಬದಲಾಗಿದ್ದರೆ, ಬಾಡಿ ಉದ್ದವಾಗಿದ್ದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡಬರುತ್ತದೆ. ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾದ ಮಾರ್ಪಾಡು ಸಲ್ಲದೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಮಾರುವವರಿಗೂ ಒಂದು ಮಾತು: ಹಣ ಪಡೆದು ವರ್ಗಾವಣೆ ಮಾಡಿಸದೆ ಬಿಟ್ಟರೆ, ನಾಳೆ ಅಪಘಾತವಾದಾಗ ಪರಿಹಾರದ ಹೊಣೆ ದಾಖಲೆಯಲ್ಲಿರುವ ಮಾಲೀಕನದೇ ಎಂದು ಅದೇ ನ್ಯಾಯಾಲಯ 2018ರಲ್ಲಿ ತೀರ್ಪಿತ್ತಿದೆ.

ಆದರೆ ಎಲ್ಲರ ಜೊತೆಗೂ ಒಬ್ಬ ಮೆಕ್ಯಾನಿಕ್ ಇರುವುದಿಲ್ಲ. ಖಾಸಗಿ ವಾಹನಕ್ಕೆ 15 ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ತಪಾಸಣೆ ನಡೆದು ನೋಂದಣಿ ನವೀಕರಣವಾಗುತ್ತದೆ. ಕಾರು, ಜೀಪುಗಳಿಗೆ 600 ರೂಪಾಯಿಯಿದ್ದ ಇದರ ಶುಲ್ಕ 2022ರ ಏಪ್ರಿಲ್‌ನಿಂದ 5,000ಕ್ಕೆ ಏರಿತು. ಇಷ್ಟು ಹಣ ಪಡೆದ ಮೇಲೆ ತಪಾಸಣೆಯಲ್ಲಿ ಕಂಡದ್ದನ್ನು ಬರೆದಿಟ್ಟು, ವಾಹನದ ಸಂಖ್ಯೆ ನಮೂದಿಸಿದವರಿಗೆಲ್ಲ ಕಾಣುವಂತೆ ಮಾಡಲು ಅಡ್ಡಿಯೇನು? ಬ್ರಿಟನ್ನಿನಲ್ಲಿ ವಾರ್ಷಿಕ ತಪಾಸಣೆಯ ಫಲಿತಾಂಶವನ್ನೂ ಅಂದಿನ ಮೀಟರ್ ಅಂಕಿಯನ್ನೂ ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಬೆಲ್ಜಿಯಂನಲ್ಲಿ 2006ರಿಂದ ಹಳೆಯ ಕಾರು ಮಾರುವವರು ಮೀಟರ್ ಅಂಕಿಗಳ ಚರಿತ್ರೆಯ ಪತ್ರವನ್ನು ಕೊಳ್ಳುವವರಿಗೆ ಕೊಡಲೇಬೇಕು. ನಮ್ಮಲ್ಲಿ 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ನಿಯಮಗಳು ಹಳೆಯ ವಾಹನಗಳ ಡೀಲರುಗಳಿಗೆ ಅಧಿಕೃತ ಪರವಾನಗಿಯನ್ನು ಕಡ್ಡಾಯ ಮಾಡಿವೆ. ಒಳ್ಳೆಯ ಹೆಜ್ಜೆಯೇ. ಆದರೆ ತೋಟದವರು ತೋಟದವರಿಗೆ ಮಾರುವ ವಹಿವಾಟು ಅದರ ಆಚೆಗಿದೆ.

ಹಾಗೆ ಬರೆದಿಟ್ಟದ್ದಕ್ಕೆ ಬೆಲೆಯಿದೆ ಎಂಬುದನ್ನು ನಾವೇ ಕಂಡೆವು. ಕೊನೆಗೆ ಕೊಂಡದ್ದು ಕೊಪ್ಪದ ಕಡೆಯ ಕಾಫಿ ಬೆಳೆಗಾರರೊಬ್ಬರ ಜೀಪನ್ನು. ಹದಿನಾರು ವರ್ಷಗಳ ರಿಪೇರಿಯನ್ನು ಅವರು ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಆ ಜೀಪಿಗೆ ಬೇರೆಯವರಿಗಿಂತ ನಲವತ್ತು ಸಾವಿರ ಹೆಚ್ಚು ಕೇಳಿದರು. "ದೊಡ್ಡಪ್ಪ, ಈ ಪುಸ್ತಕಕ್ಕೇ ಕೊಡಬಹುದು" ಎಂದ ನಮ್ಮ ಹುಡುಗ. ಕಿಂಗ್‌ಪಿನ್ ಆಟ ಅದರಲ್ಲೂ ಇತ್ತು. ತೋರಿಸಿದಾಗ ಹನ್ನೆರಡು ಸಾವಿರ ಇಳಿಸಿದರು.

ಹಳೆಯ ಜೀಪುಗಳ ಮೀಟರೇ ಓಡುವುದಿಲ್ಲ, ಏನನ್ನು ದಾಖಲಿಸುವುದು ಎಂದು ಸೇವೆಯಲ್ಲಿರುವ ಗೆಳೆಯರೊಬ್ಬರು ಕೇಳಿದರು. 'ಮೀಟರು ಕೆಟ್ಟಿದೆ' ಎಂದು ದಾಖಲಿಸಿದರೂ ಆಯಿತು. ಹಳೆಯ ವಾಹನಗಳು ಆರು ತಿಂಗಳಿಗೊಮ್ಮೆ ಹೊಗೆ ತಪಾಸಣೆಗೆ ಹೋಗಲೇಬೇಕು, ಅಲ್ಲಿ ನಂಬರ್ ಪ್ಲೇಟಿನ ಚಿತ್ರ ತೆಗೆಯುತ್ತಾರೆ. ಅದೇ ಕ್ಯಾಮೆರಾದಿಂದ ಮೀಟರಿನದ್ದೂ ಒಂದು ಚಿತ್ರ ತೆಗೆದು ವಾಹನದ ದಾಖಲೆಗೆ ಸೇರಿಸಲು ಹೊಸ ಕಚೇರಿ ಬೇಕಿಲ್ಲ, ಹೊಸ ಹುದ್ದೆಯೂ ಬೇಕಿಲ್ಲ.