ಗೃಹಧರ್ಮ: ದುಡಿದು ದಣಿದವರ ಪಾಲು

ದಾನವೆಂದೊಡನೆ ನಮ್ಮ ಕಣ್ಣಿಗೆ ಮೊದಲು ಕಟ್ಟುವುದು ಬಾಗಿಲಿಗೆ ಬಂದು ನಿಂತವನ ಜೋಳಿಗೆ. ಕೇಳಿದವನಿಗೆ ಇಲ್ಲವೆನ್ನದೆ ಕೊಡುವುದು ನಮ್ಮ ಮನೆಗಳಲ್ಲಿ ತಲೆತಲಾಂತರದಿಂದ ನಡೆದುಬಂದ ಪದ್ಧತಿ. ಅದಕ್ಕೆ ಯಾರ ಉಪದೇಶವೂ ಬೇಕಾಗಿಲ್ಲ. ಆದರೆ ಕೇಳಲಾರದವರು ಕೆಲವರುಂಟು. ಆಯುಷ್ಯದ ಬಹುಭಾಗವನ್ನು ಇತರರ ಪರವಾಗಿ ಬೇಡುವುದರಲ್ಲಿಯೇ ಕಳೆದವರು ತಮಗಾಗಿ ಕೈಯೊಡ್ಡುವುದನ್ನು ಅರಿಯರು. ಸೇವೆಯಿಂದ ನಿವೃತ್ತರಾದ ಪಾದ್ರಿಗಳೂ ಉಪದೇಶಿಗಳೂ ದೇವಾಲಯದ ಇತರ ಸೇವಕರೂ ಈ ವರ್ಗಕ್ಕೆ ಸೇರಿದವರು. ಅವರ ವಿಷಯವಾಗಿ ಈ ತಿಂಗಳು ನಾಲ್ಕು ಮಾತು ಹೇಳಬೇಕೆಂಬುದು ನಮ್ಮ ಉದ್ದೇಶ. ಕ್ರೈಸ್ತರಲ್ಲದ ವಾಚಕರು ಇದು ತಮಗೆ ಸಲ್ಲದೆಂದು ಪುಟ ತಿರುವಬಾರದಾಗಿ ಪ್ರಾರ್ಥನೆ. ಗುಡಿಯ ಅರ್ಚಕರಿಗೂ ಮಸೀದಿಯ ಮುಲ್ಲಾರವರಿಗೂ ಮುಪ್ಪು ತಪ್ಪಿದ್ದಲ್ಲ.

ಈ ವಿಷಯಕ್ಕೆ ಕೋಲಾರದ ಚಿನ್ನದ ಗಣಿಗಳಿಗಿಂತ ಸ್ಪಷ್ಟವಾದ ನಿದರ್ಶನ ನಮ್ಮ ನಾಡಿನಲ್ಲಿ ದೊರೆಯುವುದು ಕಷ್ಟ. ಬಂಗಾರಪೇಟೆಯಲ್ಲಿ ಇಳಿದು ಕವಲುದಾರಿಯ ರೈಲನ್ನು ಹತ್ತಿದರೆ ಕೋರಮಂಡಲ್, ಊರಿಗಾಂ, ಚಾಂಪಿಯನ್, ಮಾರಿಕುಪ್ಪ ಎಂಬ ನಿಲ್ದಾಣಗಳು ಸಾಲಾಗಿ ಬರುತ್ತವೆ. ೧೮೮೦ರ ಸುಮಾರಿನಲ್ಲಿ ಜಾನ್ ಟೇಲರ್ ಕಂಪೆನಿಯವರು ಇಲ್ಲಿ ಗಣಿಯ ಕೆಲಸಕ್ಕೆ ಕೈಹಾಕಿದರು. ೧೯೦೨ರಲ್ಲಿ ಶಿವನಸಮುದ್ರದಿಂದ ವಿದ್ಯುಚ್ಛಕ್ತಿ ಬಂದಿತು. ಸುತ್ತಣ ತಮಿಳು ತೆಲುಗು ಸೀಮೆಗಳಿಂದ ಸಾವಿರಾರು ಕುಟುಂಬಗಳು ಬಂದು ನೆಲಸಿದವು. ಬಂದವರೊಡನೆ ಅವರ ಗುಡಿ, ಮಸೀದಿ, ಇಗರ್ಜಿಗಳೂ ಎದ್ದವು. ಚಾಂಪಿಯನ್ ರೀಫಿನಲ್ಲಿ ವಿಜಯಮಾತೆಯ ದೇವಾಲಯವುಂಟು. ಆಂಗ್ಲಿಕನ್ನರು, ಲೂಥರನ್ನರು, ಮೆಥೊಡಿಸ್ಟರು ಮೊದಲಾದವರ ಸಭೆಗಳೂ ಈ ಸೀಮೆಯಲ್ಲಿ ಬೆಳೆದವು. ತಮಿಳು, ತೆಲುಗು, ಇಂಗ್ಲಿಷು, ಕನ್ನಡ ನಾಲ್ಕು ಭಾಷೆಗಳಲ್ಲಿಯೂ ಇಲ್ಲಿ ಪ್ರಾರ್ಥನೆ ಕೇಳಿಬಂದಿದೆ.

ಈ ಸಭೆಗಳನ್ನು ನಡೆಸಿದವರು ಪಾದ್ರಿಗಳು ಮಾತ್ರವೇ ಅಲ್ಲ. ಕೂಲಿ ಲೈನುಗಳಲ್ಲಿ ಮನೆಮನೆಗೆ ಹೋಗಿ ಓದುಬಾರದವರಿಗೆ ವೇದವನ್ನು ಓದಿ ಹೇಳಿದ ಉಪದೇಶಿ. ಹೆಂಗಸರ ಸುಖದುಃಖಗಳನ್ನು ವಿಚಾರಿಸುತ್ತ ಬಾಣಂತಿಯ ಬಳಿಯಲ್ಲಿಯೂ ರೋಗಿಯ ಬಳಿಯಲ್ಲಿಯೂ ಕುಳಿತ ಬೈಬಲ್ ಸ್ತ್ರೀ. ಬೆಳಗ್ಗೆ ಗಂಟೆ ಬಾರಿಸಿ, ಕಸ ಗುಡಿಸಿ, ಸಾವಿನ ದಿನ ಗುಂಡಿ ತೋಡಿದ ದೇವಾಲಯದ ಆಳು. ಹಾಡುಗಾರರಿಗೆ ಶ್ರುತಿ ಹಿಡಿದ ಹಾರ್ಮೋನಿಯಂ ಮೇಷ್ಟರು. ಭೂಮಿಯ ಒಳಗೆ ಮೂರು ಕಿಲೊಮೀಟರಿಗೂ ಹೆಚ್ಚು ಆಳದಲ್ಲಿ ಕೆಲಸ ನಡೆಯುತ್ತಿದ್ದ ಆ ಊರಿನಲ್ಲಿ ಬಂಡೆ ಸಿಡಿದು ಸಾವು ಸಂಭವಿಸುವುದು ಅಪರೂಪವಾಗಿರಲಿಲ್ಲ. ಅಂತಹ ರಾತ್ರಿ ಸತ್ತವನ ಮನೆಯ ಬಾಗಿಲಲ್ಲಿ ನಿಲ್ಲುವ ಭಾರ ಇವರದೇ ಆಗಿತ್ತು.

ಇವರ ಸಂಬಳ ಎಂದೂ ದೊಡ್ಡದಲ್ಲ. ಪಾದ್ರಿಯವರಿಗೆ ವಾಸಕ್ಕೆ ಮನೆಯುಂಟು, ನಿಜ. ಆದರೆ ಅದು ಸಭೆಯ ಮನೆ. ನಿವೃತ್ತಿಯ ದಿನ ಬಂದಾಗ ಹಾರ ಹಾಕಿಸಿಕೊಂಡು, ಶಾಲು ಹೊದೆಸಿಕೊಂಡು, ಮುಂದೆ ಬರುವ ಪಾದ್ರಿಯವರಿಗಾಗಿ ಆ ಮನೆಯನ್ನು ತೆರವು ಮಾಡಬೇಕು. ಮೂರು ನಾಲ್ಕು ವರ್ಷಕ್ಕೊಮ್ಮೆ ಊರಿಂದೂರಿಗೆ ವರ್ಗವಾಗುತ್ತಿದ್ದವರು ಸ್ವಂತ ಗೂಡು ಕಟ್ಟಿಕೊಂಡಿರುವುದು ವಿರಳ. ಗಂಟೆ ಬಾರಿಸುವವನ ಪಾಡು ಇನ್ನೂ ಕಷ್ಟ. ದೊಡ್ಡ ಸಂಸ್ಥೆಗಳ ನೌಕರರಿಗೆ ಪ್ರಾವಿಡೆಂಟ್ ಫಂಡು ಮುಂತಾದ ಆಸರೆಗಳನ್ನು ಸರಕಾರವು ಕಾನೂನಿನಿಂದ ಒದಗಿಸಿದೆ; ಇಬ್ಬರು ಮೂವರು ಕೆಲಸಗಾರರಿರುವ ಸಣ್ಣ ಸಭೆಯ ಆಳು ಆ ಬಲೆಯ ಕಣ್ಣಿನಿಂದ ಜಾರಿಹೋಗುತ್ತಾನೆ.

ಗಣಿಯ ಊರಿನಲ್ಲಿ ಸಭೆಯ ಬೊಕ್ಕಸಕ್ಕೆ ಹಣ ಬರುತ್ತಿದ್ದ ದಾರಿ ಒಂದೇ: ಕೆಲಸಗಾರನ ಸಂಬಳ. ಅವನ ವಾಸ ಕಂಪೆನಿಯ ಮನೆಯಲ್ಲಿ; ಬರೆದುಕೊಡಲು ಹೊಲವಿಲ್ಲ, ಮನೆಯಿಲ್ಲ. ಸಂಬಳದ ವಾರ ಕಾಣಿಕೆಯ ತಟ್ಟೆ ತುಂಬುತ್ತಿತ್ತು. ಸುಗ್ಗಿಯ ಆರಾಧನೆಯಲ್ಲಿ ಹಣ್ಣು, ಕೋಳಿ, ಕುಂಬಳಕಾಯಿ ಹರಾಜಾಗುತ್ತಿದ್ದವು. ಬಂದದ್ದು ಆಯಾ ವರ್ಷದ ಖರ್ಚಿಗೆ ಸರಿಹೋಗುತ್ತಿತ್ತು. ೨೦೦೧ರ ಫೆಬ್ರವರಿ ೨೮ರಂದು ಗಣಿಗಳು ಮುಚ್ಚಿದವು. ನೂರ ಇಪ್ಪತ್ತು ವರ್ಷಗಳಲ್ಲಿ ಸುಮಾರು ೮೦೦ ಟನ್ ಚಿನ್ನ ಕೊಟ್ಟ ನೆಲದಲ್ಲಿ ಉಳಿದದ್ದು ಸಯನೈಡು ದಿಬ್ಬಗಳು. ಮಕ್ಕಳು ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗತೊಡಗಿದರು. ಎಷ್ಟೋ ಕುಟುಂಬಗಳು ಅಲ್ಲಿಯೇ ನೆಲಸಿದವು. ಸಂಬಳ ನಿಂತಲ್ಲಿ ಕಾಣಿಕೆಯೂ ಬಡವಾಗುವುದು ಸಹಜ. ಆ ವರ್ಷದ ಕಾಣಿಕೆಯಿಂದ ಆ ವರ್ಷದ ಮುದುಕರನ್ನು ಸಾಕುವ ಪದ್ಧತಿ ಎಷ್ಟು ಸಡಿಲವಾದುದೆಂಬುದು ಇದರಿಂದ ತಿಳಿಯುತ್ತದೆ. ಉಕ್ಕುವ ಕಾಲದಲ್ಲಿ ತೆಗೆದಿಟ್ಟದ್ದು ಮಾತ್ರವೇ ಬತ್ತುವ ಕಾಲಕ್ಕೆ ಒದಗೀತು.

ಈ ವಿವೇಕವು ಆ ಸೀಮೆಗೆ ಹೊಸದಲ್ಲ. ಗಣಿಯ ಜನರು ಕುಡಿದ ನೀರು ಪಾಲಾರಿನ ಬೇತಮಂಗಲದ ಕೆರೆಯಿಂದ ಬಂದದ್ದು. ನಮ್ಮ ಹಿರಿಯರು ಕೆರೆಯನ್ನು ಕಟ್ಟಿಸಿ ಸುಮ್ಮನಾಗುತ್ತಿರಲಿಲ್ಲ. ಹೂಳು ತೆಗೆಸುವುದಕ್ಕೂ ಏರಿಯನ್ನು ಭದ್ರಪಡಿಸುವುದಕ್ಕೂ ಇಷ್ಟು ಭೂಮಿಯ ಹುಟ್ಟುವಳಿ ಸಲ್ಲತಕ್ಕದ್ದೆಂದು ಬಿತ್ತುವಟ್ಟವನ್ನು ಬಿಟ್ಟು, ಅದನ್ನು ಕಲ್ಲಿನಲ್ಲಿ ಬರೆಯಿಸುತ್ತಿದ್ದರು. ಲೂಯಿ ರೈಸರು ೧೯೦೫ರಲ್ಲಿ ಪ್ರಕಟಿಸಿದ ಕೋಲಾರ ಜಿಲ್ಲೆಯ ಶಾಸನ ಸಂಪುಟದಲ್ಲಿ ದತ್ತಿಯ ಶಾಸನಗಳು ಹೇರಳವಾಗಿವೆ. ಕೊಡುವವನು ಯಾರು, ಕೊಟ್ಟದ್ದು ಏನು, ಅದರ ಎಲ್ಲೆ ಯಾವುದು, ಯಾವ ಕಾರ್ಯಕ್ಕೆ, ಸಾಕ್ಷಿ ಯಾರು, ಕೆಡಿಸಿದವನಿಗೆ ಬರುವ ಪಾಪವೇನು ಎಂಬುದೆಲ್ಲವೂ ಇಂತಹ ಕಲ್ಲುಗಳಲ್ಲಿ ಕಾಣಸಿಗುತ್ತದೆ. ದತ್ತಿಯೆಂದರೆ ಇದೇ: ಒಂದು ದಿನದ ಮರುಕವನ್ನು ಬಹುಕಾಲದ ವ್ಯವಸ್ಥೆಯನ್ನಾಗಿ ಮಾಡುವುದು.

ಕ್ರೈಸ್ತರ ವೇದದಲ್ಲಿಯೂ ಇದಕ್ಕೆ ಆಧಾರವುಂಟು. ಇಸ್ರಾಯೇಲ್ಯರಲ್ಲಿ ದೇವಸೇವೆಗೆ ನಿಯಮಿತರಾದ ಲೇವಿಯರಿಗೆ ಹೊಲದ ಪಾಲಿರಲಿಲ್ಲ. ಜನರ ದಶಮಾಂಶವೇ ಅವರ ಜೀವನ. ಐವತ್ತು ವರ್ಷ ತುಂಬಿದ ಲೇವಿಯನು ಭಾರದ ಕೆಲಸವನ್ನು ಬಿಟ್ಟು ಕಿರಿಯರಿಗೆ ಸಹಾಯಕನಾಗಿರಬೇಕೆಂದು ವಿಧಿಯಿತ್ತು. ಕಣ ತುಳಿಯುವ ಎತ್ತಿನ ಬಾಯಿಗೆ ಕುಕ್ಕೆ ಕಟ್ಟಬಾರದೆಂಬ ಮೋಶೆಯ ನಿಯಮವನ್ನು ಪೌಲನು ಸಭೆಯ ಸೇವಕರಿಗೆ ಅನ್ವಯಿಸಿದನು. ಅದೇ ಪೌಲನು ಕೊರಿಂಥದವರಿಗೆ, ತಾನು ಬಂದಾಗ ಗಡಿಬಿಡಿಯಿಂದ ಹಣ ಕೂಡಿಸದೆ ವಾರದ ಮೊದಲನೆಯ ದಿನದಲ್ಲಿ ಪ್ರತಿಯೊಬ್ಬನೂ ತನ್ನ ಸಂಪಾದನೆಗೆ ತಕ್ಕಂತೆ ತೆಗೆದಿಡಬೇಕೆಂದು ಬರೆದನು.

ಹೊರದೇಶಗಳ ಸಭೆಗಳು ಈ ತತ್ತ್ವವನ್ನು ಕಾರ್ಯಕ್ಕೆ ತಂದ ಬಗೆಯನ್ನೂ ನೋಡಬಹುದು. ಸ್ಕಾಟ್ಲೆಂಡಿನಲ್ಲಿ ರಾಬರ್ಟ್ ವಾಲೇಸ್, ಅಲೆಕ್ಸಾಂಡರ್ ವೆಬ್‌ಸ್ಟರ್ ಎಂಬ ಇಬ್ಬರು ಪಾದ್ರಿಗಳು, ವರ್ಷಕ್ಕೆ ಎಷ್ಟು ಮಂದಿ ಪಾದ್ರಿಗಳು ತೀರಿಕೊಳ್ಳುತ್ತಾರೆ, ಎಷ್ಟು ಮಂದಿ ವಿಧವೆಯರು ಉಳಿಯುತ್ತಾರೆ ಎಂಬುದನ್ನು ಎಣಿಸಿ, ಆ ಲೆಕ್ಕದ ಮೇಲೆ ೧೭೪೪ರಲ್ಲಿ ವಿಧವಾ ನಿಧಿಯನ್ನು ನಿಲ್ಲಿಸಿದರು. ಜಾನ್ ವೆಸ್ಲಿಯ ಮೆಥೊಡಿಸ್ಟರು ೧೭೬೩ರಲ್ಲಿ, ದಣಿದ ಬೋಧಕರ ಪೋಷಣೆಗಾಗಿ ಪ್ರತಿಯೊಬ್ಬ ಸಂಚಾರಿ ಬೋಧಕನೂ ವರ್ಷಕ್ಕೆ ಅರ್ಧ ಗಿನಿ ಕೊಡತಕ್ಕದ್ದೆಂದು ಗೊತ್ತುಮಾಡಿದರು. ಅಮೆರಿಕದ ಮೆಥೊಡಿಸ್ಟರು ೧೭೯೬ರಲ್ಲಿ ಇದೇ ಕಾರ್ಯಕ್ಕೆ ಶಾಶ್ವತ ನಿಧಿಯನ್ನು ಸ್ಥಾಪಿಸಿದರು. ಕೋಲಾರದಲ್ಲಿಯೂ ಬಂಗಾರಪೇಟೆಯಲ್ಲಿಯೂ ಕೆಲಸ ಮಾಡಿದವರು ಆ ಪರಂಪರೆಯವರೇ. ಕೋಲಾರದ ಎಲೆನ್ ಥೋಬರ್ನ್ ಕೊವೆನ್ ಸ್ಮಾರಕ ಆಸ್ಪತ್ರೆಯು, ಅದರ ಹೆಸರೇ ಹೇಳುವಂತೆ, ಒಬ್ಬ ತಾಯಿಯ ನೆನಪಿಗೆ ನಿಂತ ಸಂಸ್ಥೆ. ಕಥೋಲಿಕರ ೧೯೮೩ರ ಧರ್ಮಸಂಹಿತೆಯು ಗುರುಗಳ ಕಾಯಿಲೆಗೂ ಮುಪ್ಪಿಗೂ ತಕ್ಕ ಆಸರೆ ಇರಬೇಕೆಂದು ವಿಧಿಸಿ, ಸಭೆಯ ಕೆಲಸದಲ್ಲಿರುವ ಸಾಮಾನ್ಯ ಸೇವಕರಿಗೂ ಯೋಗ್ಯವಾದ ವೇತನ ಮತ್ತು ಭದ್ರತೆಯ ಹಕ್ಕುಂಟೆಂದು ಹೇಳುತ್ತದೆ. ವಿಧಿಗೆ ಕೊರತೆಯಿಲ್ಲ, ಅದನ್ನು ತುಂಬುವ ಹಣ ಮಾತ್ರ ಗೃಹಸ್ಥರ ಕೈಯಿಂದಲೇ ಬರಬೇಕು.

ಅದು ಅಸಾಧ್ಯವೆನ್ನುವವರು ಈ ಲೆಕ್ಕವನ್ನು ನೋಡಲಿ. ಒಂದು ಸಭೆಯಲ್ಲಿ ೨೦೦ ಮನೆಗಳಿವೆ, ಮನೆಯೊಂದು ತಿಂಗಳಿಗೆ ೫೦ ರೂಪಾಯಿ ತೆಗೆದಿಡುತ್ತದೆ ಎಂದಿಟ್ಟುಕೊಳ್ಳೋಣ. ತಿಂಗಳಿಗೆ ೧೦,೦೦೦, ವರ್ಷಕ್ಕೆ ೧,೨೦,೦೦೦ ರೂಪಾಯಿ. ಶೇಕಡಾ ೬ರ ಬಡ್ಡಿ ಸಿಕ್ಕಿ, ಅದನ್ನೂ ಅಸಲಿಗೆ ಸೇರಿಸುತ್ತ ಹೋದರೆ ಹತ್ತು ವರ್ಷಗಳಲ್ಲಿ ಸುಮಾರು ೧೫,೮೦,೦೦೦ ರೂಪಾಯಿ ಆಗುತ್ತದೆ. ಅದರ ವಾರ್ಷಿಕ ಬಡ್ಡಿ ಸುಮಾರು ೯೪,೮೦೦. ಬೆಲೆಗಳು ಏರುವುದರಿಂದ ಬಡ್ಡಿಯ ಕಾಲುಭಾಗವನ್ನು ಅಸಲಿಗೇ ಹಿಂತಿರುಗಿಸಬೇಕು. ಉಳಿದ ಮುಕ್ಕಾಲಿನಲ್ಲಿ ತಿಂಗಳಿಗೆ ೫,೯೦೦ ರೂಪಾಯಿಯಷ್ಟು, ಗಂಟೆ ಬಾರಿಸಿ ಮುದುಕನಾದ ಒಬ್ಬನಿಗೆ ಅವನು ಇರುವವರೆಗೂ, ಅವನ ತರುವಾಯ ಮತ್ತೊಬ್ಬರಿಗೂ ಸಲ್ಲಿಸಬಹುದು. ಒಂದು ಮನೆಗೆ ಇದು ದಿನಕ್ಕೆ ಎರಡು ರೂಪಾಯಿಗಿಂತ ಕಡಿಮೆ. ಹಿಂದೆ ಗೃಹಿಣಿಯರು ಅನ್ನಕ್ಕೆ ಅಕ್ಕಿ ಅಳೆಯುವಾಗ ಒಂದು ಹಿಡಿ ಬೇರೆ ಮಡಕೆಗೆ ಹಾಕಿ ಸಭೆಗೆ ಕೊಡುತ್ತಿದ್ದರು. ಹಿಡಿ ಅಕ್ಕಿಯ ಆ ನೇಮವೇ ಇಲ್ಲಿಯೂ ಸಾಕು.

ಇನ್ನು ಉಯಿಲಿನ ಮಾತು. ಭಾರತೀಯ ಉತ್ತರಾಧಿಕಾರದ ೧೯೨೫ರ ಕಾಯಿದೆಯ ೧೧೮ನೆಯ ಕಲಮು ಕ್ರೈಸ್ತರಿಗೆ ಒಂದು ಕಟ್ಟು ಹಾಕಿತ್ತು: ಸೋದರರ ಇಲ್ಲವೆ ಸೋದರಿಯರ ಮಕ್ಕಳಾಗಲಿ, ಅವರಿಗಿಂತ ಹತ್ತಿರದ ಬಂಧುಗಳಾಗಲಿ ಇರುವವನು ಧರ್ಮಕಾರ್ಯಕ್ಕೆ ಆಸ್ತಿ ಬಿಡಬೇಕಾದರೆ, ಮರಣಕ್ಕೆ ಹನ್ನೆರಡು ತಿಂಗಳು ಮೊದಲೇ ಉಯಿಲು ಬರೆದು, ಬರೆದ ಆರು ತಿಂಗಳೊಳಗೆ ಕಾನೂನು ಗೊತ್ತುಮಾಡಿದ ಸ್ಥಳದಲ್ಲಿ ಇಟ್ಟಿರಬೇಕು. ಹಿಂದೂಗಳಿಗೆ ಈ ನಿರ್ಬಂಧವಿರಲಿಲ್ಲ. ಜಾನ್ ವಳ್ಳಮಟ್ಟಂ ಎಂಬ ಪಾದ್ರಿಯವರು ತಂದ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು ೨೦೦೩ರ ಜುಲೈ ೨೧ರಂದು ಈ ಕಲಮನ್ನು ಸಂವಿಧಾನಕ್ಕೆ ವಿರುದ್ಧವೆಂದು ತೆಗೆದುಹಾಕಿತು. ಹಳೆಯ ಭಯವನ್ನು ಇಟ್ಟುಕೊಂಡು ಸುಮ್ಮನಿರಲು ಈಗ ಕಾರಣವಿಲ್ಲ.

ಆದರೂ ಕೆಲವು ನಿಯಮಗಳನ್ನು ಮರೆಯಬಾರದು. ಬಾಯಿಮಾತಿನಲ್ಲಿ ಸಭೆಗೆ ಇಷ್ಟು ಸಲ್ಲಲಿ ಎಂದರೆ ಸಾಲದು. ಉಯಿಲಿಲ್ಲದೆ ತೀರಿಕೊಂಡವನ ಆಸ್ತಿ ವಾರಸುದಾರರಿಗೇ ಹೋಗುತ್ತದೆ. ಉಯಿಲಿಗೆ ಇಬ್ಬರ ಸಾಕ್ಷಿ ಬೇಕು. ಕ್ರೈಸ್ತರ ಉಯಿಲಿನಲ್ಲಿ ಸಾಕ್ಷಿ ಹಾಕಿದವನಿಗಾಗಲಿ ಅವನ ಹೆಂಡತಿಗಾಗಲಿ ಬಿಟ್ಟ ಕೊಡುಗೆ ನಿಲ್ಲುವುದಿಲ್ಲ. ಬರೆದ ಬಳಿಕ ಮದುವೆಯಾದರೆ ಹಳೆಯ ಉಯಿಲು ರದ್ದಾಗುತ್ತದೆ. ರಿಜಿಸ್ಟರಿ ಕಡ್ಡಾಯವಲ್ಲ, ಆದರೆ ಮಾಡಿಸಿದರೆ ಕ್ಷೇಮ. ಬದುಕಿರುವಾಗಲೇ ಮನೆಯನ್ನೋ ನಿವೇಶನವನ್ನೋ ದಾನವಾಗಿ ಕೊಡುವುದಾದರೆ ರಿಜಿಸ್ಟರಿ ಆಗಲೇಬೇಕು. ‘ನಮ್ಮ ದೇವಾಲಯಕ್ಕೆ’ ಎಂದಷ್ಟೇ ಬರೆದರೆ ಪಡೆಯುವವರು ಯಾರೆಂಬ ವ್ಯಾಜ್ಯ ಹುಟ್ಟೀತು. ದಕ್ಷಿಣ ಇಂಡಿಯಾ ಸಭೆಯ ಆಸ್ತಿಗಳನ್ನು ಹಿಡಿದಿರುವುದಕ್ಕೆ ಅದರ ಟ್ರಸ್ಟ್ ಅಸೋಸಿಯೇಷನ್ ಇದೆ; ಇತರ ಸಭೆಗಳಿಗೂ ಅವರವರ ನ್ಯಾಸಗಳುಂಟು. ಆ ಹೆಸರನ್ನು ವಿಚಾರಿಸಿಕೊಂಡು, ‘ನಿವೃತ್ತ ಸೇವಕರ ಪೋಷಣೆಗೆ, ಅಸಲನ್ನು ಮುಟ್ಟದೆ ಬಡ್ಡಿಯನ್ನು ಮಾತ್ರ ಉಪಯೋಗಿಸತಕ್ಕದ್ದು’ ಎಂದು ಉದ್ದೇಶವನ್ನು ಬಿಡಿಸಿ ಬರೆಯಿಸಬೇಕು. ಗಂಟೆಯವನನ್ನೂ ಬೈಬಲ್ ಸ್ತ್ರೀಯನ್ನೂ ಹೆಸರಿಸಿ ಸೇರಿಸಬೇಕು; ಇಲ್ಲದಿದ್ದರೆ ಸೇವಕರೆಂಬ ಮಾತಿಗೆ ಪಾದ್ರಿಗಳೆಂದಷ್ಟೇ ಅರ್ಥವಾಗಿಬಿಡುವುದು.

ಕೊನೆಯದಾಗಿ ಎರಡು ಎಚ್ಚರಿಕೆಗಳು. ಹೆಂಡತಿಯ ಅನ್ನವನ್ನೂ ಮಕ್ಕಳ ವಿದ್ಯೆಯನ್ನೂ ಕಿತ್ತು ಮಾಡುವ ದತ್ತಿ ಧರ್ಮವಲ್ಲ. ಮನೆಯವರೊಡನೆ ಕುಳಿತು ಮಾತನಾಡಿ, ಅವರ ಒಪ್ಪಿಗೆಯಿಂದ ಹತ್ತರಲ್ಲೊಂದು ಪಾಲನ್ನೋ ಇಪ್ಪತ್ತರಲ್ಲೊಂದು ಪಾಲನ್ನೋ ಗೊತ್ತುಮಾಡುವುದು ಲೇಸು. ಹಾಗೆಯೇ ಸಭೆಯ ಹಿರಿಯರು ಸಾಯುವವರ ಹಾಸಿಗೆಯ ಬಳಿ ಕಾಗದ ಹಿಡಿದು ಕೂಡಬಾರದು. ಪ್ರತಿವರ್ಷವೂ ನಿಧಿಯ ಲೆಕ್ಕವನ್ನು ತನಿಖೆ ಮಾಡಿಸಿ, ಯಾರಿಗೆ ಎಷ್ಟು ಸಂದಿತೆಂಬುದನ್ನು ಸಭೆಯ ಮುಂದೆ ಓದಬೇಕು. ಲೆಕ್ಕ ಕಾಣದ ನಿಧಿಗೆ ಎರಡನೆಯ ಸಲ ಯಾರೂ ಕೊಡುವುದಿಲ್ಲ.

ಊರಿಗಾಂ ಬಿಟ್ಟು ಬೆಂಗಳೂರಿಗೂ ಅದರಾಚೆಗೂ ಹೋಗಿ ನೆಲಸಿದ ಮಕ್ಕಳಿಗೆ ಈ ಮಾತು ವಿಶೇಷವಾಗಿ ಸಲ್ಲುತ್ತದೆ. ತಮಗೆ ಸ್ನಾನದೀಕ್ಷೆ ಕೊಟ್ಟವರು, ತಮಗೆ ಅಕ್ಷರ ಕಲಿಸಿದವರು, ತಮ್ಮ ತಂದೆಗಾಗಿ ಗುಂಡಿ ತೋಡಿದವರು ಎಲ್ಲಿದ್ದಾರೆ, ಹೇಗಿದ್ದಾರೆ ಎಂದು ಒಮ್ಮೆ ವಿಚಾರಿಸಲಿ. ವಿಚಾರಿಸಿದ ಮೇಲೆ ಒಂದು ಸಲದ ಸಹಾಯಕ್ಕೆ ನಿಲ್ಲದೆ, ತಿಂಗಳ ಸಂಬಳ ಬಂದ ದಿನವೇ ತೆಗೆದಿಡತಕ್ಕ ಮೊತ್ತವೊಂದನ್ನು ಮನೆಯ ಲೆಕ್ಕದ ಪುಸ್ತಕದಲ್ಲಿ, ಬಾಡಿಗೆ ಮತ್ತು ಹಾಲಿನ ಬಾಬಿನ ಕೆಳಗೆ, ಬರೆದುಕೊಳ್ಳಲಿ.